ಖಾಕಿ ಹಾಕಬೇಕು ಅಂತಿರುವ ಕೊಡಗಿನ ಮಕ್ಕಳಿಗೆ: ಪಿಯುಸಿ ಆದ ಮೇಲೆ ಯಾವ ದಾರಿ?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. "ಮೇಡಂ, ಮಗನಿಗೆ ಪೊಲೀಸ್ ಆಗ್ಬೇಕಂತೆ. ಯಾವ ಕೋರ್ಸಿಗೆ ಸೇರಿಸಲಿ?" ಸುಂಟಿಕೊಪ್ಪದಿಂದ ಒಬ್ಬರು, ಶನಿವಾರಸಂತೆಯಿಂದ ಇನ್ನೊಬ್ಬರು. ಈ ಸಲ ಕುಟ್ಟದಿಂದ ಒಬ್ಬ ತಾಯಿ ಮಗಳ ಬಗ್ಗೆ ಕೇಳಿದರು. ನಾನು ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ, ಜೊತೆಗೆ ಎನ್‌ಸಿಸಿ ಹುಡುಗಿಯರನ್ನೂ ನೋಡಿಕೊಳ್ಳುತ್ತೇನೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಈಗಿನ ಮಕ್ಕಳಲ್ಲಿ ಒಂದು ವಿಷಯ ಗಮನಿಸಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಇವರೆಲ್ಲ ಎಂಟು ಹತ್ತು ವರ್ಷದವರು. ಹಗ್ಗ ಕಟ್ಟಿ ಜನರನ್ನು ದಾಟಿಸಿದ ಪೊಲೀಸರನ್ನು, ಯೋಧರನ್ನು, ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಪಡೆ)ನವರನ್ನು ಟಿವಿಯಲ್ಲಿ, ಕೆಲವರು ಕಣ್ಣಾರೆ ನೋಡಿದ್ದಾರೆ. ಯಾಕೆ ಯೂನಿಫಾರ್ಮ್ ಬೇಕು ಅಂತ ಕೇಳಿದರೆ ಸುಮಾರು ಜನ ಹೇಳುವುದು ಅದನ್ನೇ. ಅಂಥ ಆಸೆಯನ್ನು ಸರಿಯಾದ ದಾರಿಗೆ ಹಚ್ಚದಿದ್ದರೆ ತಪ್ಪು ನಮ್ಮದು.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಯಾವ ಕಾಲೇಜು ಕೋರ್ಸೂ ನಿಮ್ಮನ್ನು ಪೊಲೀಸ್ ಮಾಡುವುದಿಲ್ಲ. ಪೊಲೀಸ್ ಮಾಡುವುದು ನೇಮಕಾತಿ ಪರೀಕ್ಷೆ. ಅದರಲ್ಲಿ ಆಯ್ಕೆಯಾದ ಮೇಲೆ ಪಿಎಸ್‌ಐಗಳಿಗೆ, ಅಂದರೆ ಸಬ್ ಇನ್‌ಸ್ಪೆಕ್ಟರ್‌ಗಳಿಗೆ, ಮೈಸೂರಿನ ಪೊಲೀಸ್ ಅಕಾಡೆಮಿಯಲ್ಲಿ, ಕಾನ್‌ಸ್ಟೆಬಲ್‌ಗಳಿಗೆ ಚನ್ನಪಟ್ಟಣ, ಹಾಸನದ ಶಾಂತಿಗ್ರಾಮದಂಥ ತರಬೇತಿ ಶಾಲೆಗಳಲ್ಲಿ ಕಲಿಸುತ್ತಾರೆ. ಆ ದಿನಗಳಿಗೆ ಸಂಬಳವನ್ನೂ ಕೊಡುತ್ತಾರೆ. ಅಂದರೆ ನಿಜವಾದ ಪೊಲೀಸ್ ತರಬೇತಿಗೆ ನಾವು ದುಡ್ಡು ಕಟ್ಟುವ ಪ್ರಶ್ನೆಯೇ ಇಲ್ಲ. ಹಾಗಾಗಿ ಕಾಲೇಜು ಆರಿಸುವಾಗ ಕೇಳಬೇಕಾದದ್ದು ಬೇರೆ. ಈ ಓದು ನನ್ನನ್ನು ಆ ಪರೀಕ್ಷೆಗೆ ಎಷ್ಟು ಹತ್ತಿರ ತರುತ್ತದೆ? ಬೆಳಿಗ್ಗೆ ಓಡಲು ಸಮಯ ಬಿಡುತ್ತದಾ? ಆಯ್ಕೆ ಆಗದಿದ್ದರೆ ಕೈಯಲ್ಲಿ ಏನು ಉಳಿಯುತ್ತದೆ? ಮುಂದೆ ಹೇಳುವ ಪ್ರತಿ ದಾರಿಯನ್ನೂ ನಾನು ತೂಗುವುದು ಈ ಮೂರರಿಂದಲೇ.

ಅಡ್ಮಿಷನ್‌ಗಿಂತ ಮೊದಲು ಅಳತೆ

ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್‌ಗೆ ಗಂಡಸರ ಎತ್ತರ 168 ಸೆಂ.ಮೀ., ಹೆಂಗಸರದ್ದು 157 ಸೆಂ.ಮೀ. ಇರಬೇಕು. ಗಂಡಸರ ಎದೆ ಸುತ್ತಳತೆ ಉಬ್ಬಿಸಿದಾಗ 86 ಸೆಂ.ಮೀ., ಅದರಲ್ಲಿ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಎರವರು, ಜೇನುಕುರುಬರಂಥ ಮೂಲ ಬುಡಕಟ್ಟಿನ ಮಕ್ಕಳಿಗೆ ಎತ್ತರದಲ್ಲಿ, ಎದೆ ಅಳತೆಯಲ್ಲಿ ರಿಯಾಯಿತಿ ಇದೆ. ಇದು ತುಂಬಾ ಹಾಡಿಗಳಲ್ಲಿ ಗೊತ್ತೇ ಇಲ್ಲ. "ನಾನು ಕುಳ್ಳ, ನನಗಾಗಲ್ಲ" ಅಂತ ಅರ್ಜಿಯನ್ನೇ ಹಾಕದೆ ಕೂತವರನ್ನು ನೋಡಿದ್ದೇನೆ. ದಯವಿಟ್ಟು ಅಧಿಸೂಚನೆ ತೆರೆದು ಆ ಭಾಗವನ್ನು ಓದಿ, ಓದಿಸಿ.

ಗೋಡೆಗೆ ಒರಗಿಸಿ ಮನೆಯ ಟೇಪಿನಲ್ಲಿ ಅಳೆದದ್ದನ್ನು ನಂಬಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಅಳತೆಪಟ್ಟಿಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲಿಸಿ. ಅರ್ಧ ಸೆಂಟಿಮೀಟರಿಗೆ ಮನೆಗೆ ಕಳಿಸುತ್ತಾರೆ. ಮೂರು ವರ್ಷ ಓದಿದ ಮೇಲೆ ಗ್ರೌಂಡಿನಲ್ಲಿ ಅದು ಗೊತ್ತಾಗಬಾರದು.

ಓಟ ಇನ್ನೊಂದು. ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಪಿಎಸ್‌ಐಗಾದರೆ ಏಳು ನಿಮಿಷ. ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ. ಜೊತೆಗೆ ಉದ್ದ ಜಿಗಿತ ಇಲ್ಲವೇ ಎತ್ತರ ಜಿಗಿತ, ಮತ್ತೆ ಗುಂಡು ಎಸೆತ. ಗಂಡಸರು 7.26 ಕೆ.ಜಿ. ಗುಂಡನ್ನು 5.60 ಮೀಟರ್, ಹೆಂಗಸರು 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆಯಬೇಕು. ನಮ್ಮ ಮಕ್ಕಳಿಗೆ ಓಟ ಕಷ್ಟವಲ್ಲ. ಏರು ಇಳಿವಿನಲ್ಲಿ ಸ್ಕೂಲಿಗೆ ನಡೆದ ಕಾಲುಗಳು, ಹಾಕಿ ಆಡಿದ ಕಾಲುಗಳು. ಕೈಕೊಡುವುದು ಗುಂಡು ಎಸೆತ. ಅದಕ್ಕೆ ಬೇಕಾದ ಭುಜದ ಬಲ, ಪಾದದ ತಿರುವು ಸುಮ್ನೆ ಬರುವುದಿಲ್ಲ, ಆರು ತಿಂಗಳ ಅಭ್ಯಾಸ ಬೇಕು.

ಇಲ್ಲಿ ಮಳೆಯ ಲೆಕ್ಕವನ್ನೂ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಗ್ರೌಂಡ್ ಅನ್ನುವುದು ಕೆಸರು ಗದ್ದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿನವರು ವರ್ಷಪೂರ್ತಿ ಓಡಬಹುದು. ಉಳಿದವರು ಮಳೆಗಾಲಕ್ಕೆ ಒಳಗಿನ ವ್ಯಾಯಾಮ, ಮೆಟ್ಟಿಲು ಹತ್ತುವುದು, ಡಾಂಬರು ರಸ್ತೆಯಲ್ಲಿ ನಿಧಾನ ಓಟ ಇಟ್ಟುಕೊಳ್ಳಬೇಕು. ಡಾಂಬರಿನ ಮೇಲೆ ಜೋರಾಗಿ ಓಡಿ ಮೊಣಕಾಲು ಕೆಡಿಸಿಕೊಂಡವರು ನನ್ನ ಬ್ಯಾಚಿನಲ್ಲೇ ಇದ್ದಾರೆ.

ಊರಿನ ಕಾಲೇಜಿನ ಡಿಗ್ರಿ, ಜೊತೆಗೆ ಎನ್‌ಸಿಸಿ

ನಾನು ಊರಿನ ಕಾಲೇಜಿನವಳು. ಆ ಕಡೆ ನನ್ನ ಮನಸ್ಸು ವಾಲುವುದು ಸಹಜ, ಓದುವವರು ಅದನ್ನು ಲೆಕ್ಕಕ್ಕೆ ಹಿಡಿಯಲಿ. ಆದರೂ ಹೇಳುತ್ತೇನೆ. ಪಿಎಸ್‌ಐ ಆಗಲೇಬೇಕು ಅನ್ನುವ ಹೆಚ್ಚಿನ ಮಕ್ಕಳಿಗೆ ಇದೇ ಒಳ್ಳೆಯ ದಾರಿ.

ಕಾರಣ ಸರಳ. ಪಿಎಸ್‌ಐಗೆ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವ ಡಿಗ್ರಿಯಾದರೂ ಸಾಕು. ಬಿಎ, ಬಿಕಾಂ, ಬಿಎಸ್ಸಿ ಎಲ್ಲಕ್ಕೂ ಒಂದೇ ಬೆಲೆ. ಇನ್ನು ಪರೀಕ್ಷೆಯಲ್ಲಿ ಕೇಳುವುದು ಏನು? ಸಂವಿಧಾನ, ಸ್ವಾತಂತ್ರ್ಯ ಹೋರಾಟ, ಕರ್ನಾಟಕದ ಇತಿಹಾಸ, ಭೂಗೋಳ, ಸಾಮಾನ್ಯ ವಿಜ್ಞಾನ, ಪ್ರಚಲಿತ ಘಟನೆಗಳು, ಮಾನಸಿಕ ಸಾಮರ್ಥ್ಯ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿಎ ಮಾಡಿದವರಿಗೆ ಇದರಲ್ಲಿ ಎಷ್ಟೋ ಪಾಠ ಕ್ಲಾಸಿನಲ್ಲೇ ಮುಗಿದಿರುತ್ತದೆ. ಬಿಕಾಂ ಮಕ್ಕಳು ಅದನ್ನೇ ಸಂಜೆ ಕೂತು ಹೊಸದಾಗಿ ಓದಬೇಕು. ಬಿಎ ಅಂದರೆ ಮೂಗು ಮುರಿಯುವ ಅಪ್ಪ ಅಮ್ಮಂದಿರು ನಮ್ಮಲ್ಲಿ ಜಾಸ್ತಿ. ಈ ಒಂದು ಕೆಲಸದ ಮಟ್ಟಿಗೆ ಅದಕ್ಕಿಂತ ನೇರ ದಾರಿ ನನಗೆ ಕಂಡಿಲ್ಲ.

ಪಿಎಸ್‌ಐ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಎರಡನೆಯದು 150 ಅಂಕದ ಟಿಕ್ ಹಾಕುವ ಪತ್ರಿಕೆ. ಮೊದಲನೆಯದು 50 ಅಂಕದ್ದು. ಪ್ರಬಂಧಕ್ಕೆ 20, ಸಾರಾಂಶಕ್ಕೆ 10, ಅನುವಾದಕ್ಕೆ 20. ಕೊಡಗಿನ ಮಕ್ಕಳು ಬೀಳುವುದು ಇಲ್ಲಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಅಥವಾ ಎರವ ಭಾಷೆ. ಸ್ಕೂಲಿನಲ್ಲಿ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡಲು ಬರುತ್ತದೆ, ಎರಡು ಪುಟ ಬರೆಯಲು ಕೂತರೆ ಕೈ ನಿಂತುಹೋಗುತ್ತದೆ. ಇನ್ನು ಕೆಲವರಿಗೆ ಕನ್ನಡ ಸಲೀಸು, ಇಂಗ್ಲಿಷ್ ವಾಕ್ಯ ಕನ್ನಡಕ್ಕೆ ತರುವುದೇ ಕಷ್ಟ. ಮೂರು ವರ್ಷದಲ್ಲಿ ವಾರಕ್ಕೊಂದು ಪ್ರಬಂಧ, ದಿನಕ್ಕೊಂದು ಪ್ಯಾರಾ ಅನುವಾದ ಮಾಡಿ ಕನ್ನಡ ಮೇಷ್ಟ್ರಿಗೆ ತೋರಿಸಿ. ಕಾಲೇಜಿನಲ್ಲಿ ಇದನ್ನು ತಿದ್ದಿಕೊಡುವವರು ಇರುತ್ತಾರೆ, ಕೇಳುವ ಮಕ್ಕಳೇ ಕಡಿಮೆ.

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು, ಗೋಣಿಕೊಪ್ಪದ ಕಾವೇರಿ ಕಾಲೇಜು, ವಿರಾಜಪೇಟೆ ಮತ್ತು ಕುಶಾಲನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ವಿರಾಜಪೇಟೆಯ ಸಂತ ಅನ್ನಮ್ಮ ಕಾಲೇಜು. ಇವುಗಳಲ್ಲಿ ಯಾವುದು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ನಿಮ್ಮ ಮನೆಯಿಂದ ಬಸ್ ಇರುವುದು, ಗ್ರೌಂಡ್ ಇರುವುದು, ಎನ್‌ಸಿಸಿ ಇರುವುದು. ಬಸ್ಸಿನ ವಿಷಯ ಸಣ್ಣದಲ್ಲ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ನಮ್ಮಲ್ಲಿ ಎಷ್ಟೋ ಊರಿಗೆ ಓಡುವುದು ಖಾಸಗಿ ಬಸ್ ಮಾತ್ರ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಕಳೆದರೆ ಓಡುವುದು ಯಾವಾಗ, ಓದುವುದು ಯಾವಾಗ? ಹಾಗಿದ್ದರೆ ಹಾಸ್ಟೆಲ್ ಹುಡುಕುವುದೇ ಮೇಲು.

ಎನ್‌ಸಿಸಿ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಸೀಟು ಕಡಿಮೆ. ಮೊದಲ ವರ್ಷದ ಶುರುವಿನಲ್ಲೇ ಓಡಿಸಿ ಆರಿಸುತ್ತಾರೆ. ಎರಡನೇ ವರ್ಷ ಬಂದು "ಮೇಡಂ, ಈಗ ಸೇರಿಸಿಕೊಳ್ಳಿ" ಅಂದರೆ ಮೂರನೇ ವರ್ಷದ 'ಸಿ' ಸರ್ಟಿಫಿಕೇಟಿಗೆ ದಿನ ಸಾಲುವುದಿಲ್ಲ. ಆ ಸರ್ಟಿಫಿಕೇಟಿಗೆ ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳ ಜಿಡಿ (ಜನರಲ್ ಡ್ಯೂಟಿ) ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಒಟ್ಟು ಅಂಕದ ಶೇ. 5ರಷ್ಟು ಬೋನಸ್ ಇದೆ. 'ಬಿ'ಗೆ ಶೇ. 3, 'ಎ'ಗೆ ಶೇ. 2. ಅರ್ಧ ಅಂಕಕ್ಕೆ ನೂರಾರು ಜನ ಹಿಂದೆ ಬೀಳುವ ಪರೀಕ್ಷೆಯಲ್ಲಿ ಅದು ದೊಡ್ಡದು. ಅಂಕಕ್ಕಿಂತ ನಾನು ಬೆಲೆ ಕೊಡುವುದು ಹತ್ತು ದಿನದ ಕ್ಯಾಂಪಿಗೆ. ಬೆಳಿಗ್ಗೆ ಐದಕ್ಕೆ ಏಳುವುದು, ಇನ್ನೊಬ್ಬರ ಆಜ್ಞೆಗೆ ಕಿವಿ ಕೊಡುವುದು, ಜಾತಿ ಊರು ನೋಡದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಈ ಜೀವನ ತನಗೆ ಒಗ್ಗುತ್ತದಾ ಇಲ್ಲವಾ ಅಂತ ಮಗುವಿಗೆ ಅಲ್ಲೇ ಗೊತ್ತಾಗುತ್ತದೆ. ಕ್ಯಾಂಪಿನಿಂದ ಬಂದು "ಬೇಡ ಮೇಡಂ, ನಾನು ಟೀಚರ್ ಆಗ್ತೀನಿ" ಅಂದವರಿದ್ದಾರೆ. ಅದೂ ಒಳ್ಳೆಯದೇ ಅಲ್ವಾ? ಮೂರು ವರ್ಷ ಉಳಿಯಿತು.

ಈ ದಾರಿಯ ಕೊರತೆಯೂ ಇದೆ. ಕ್ಲಾಸಿನಲ್ಲಿ ಯಾರೂ ಮಾನಸಿಕ ಸಾಮರ್ಥ್ಯ ಹೇಳಿಕೊಡುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ನೀವೇ ಬಿಡಿಸಬೇಕು. ಕಾನ್‌ಸ್ಟೆಬಲ್ ಪರೀಕ್ಷೆ 100 ಪ್ರಶ್ನೆ, ಒಂದೂವರೆ ಗಂಟೆ, ಒಂದು ತಪ್ಪಿಗೆ ಕಾಲು ಅಂಕ ಕಟ್. ಗೊತ್ತಿಲ್ಲದ್ದನ್ನು ಬಿಡುವ ಅಭ್ಯಾಸ ಆಗಬೇಕು. ಗೆಳೆಯರು ನಾಲ್ಕೈದು ಜನ ಸೇರಿ ಮಾಡಿದರೆ ಇದು ಸಾಗುತ್ತದೆ, ಒಬ್ಬರೇ ಆದರೆ ಎರಡು ವಾರಕ್ಕೆ ನಿಲ್ಲುತ್ತದೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯವರು ಉಚಿತ ತರಬೇತಿಗೆ ಅರ್ಜಿ ಕರೆಯುತ್ತಾರೆ, ಮಡಿಕೇರಿಯ ಕಚೇರಿಯಲ್ಲಿ ಆಗಾಗ ವಿಚಾರಿಸಿ.

ಕ್ರಿಮಿನಾಲಜಿ, ಫೊರೆನ್ಸಿಕ್: ಹೆಸರು ಕೇಳಿ ಸೇರಬೇಡಿ, ಕೆಲಸ ತಿಳಿದು ಸೇರಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿಎ ಜೊತೆ ಅಪರಾಧಶಾಸ್ತ್ರ (ಕ್ರಿಮಿನಾಲಜಿ) ಓದಬಹುದು. ಮಂಗಳೂರಿನ ರೋಶನಿ ನಿಲಯದಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು ಇದೆ. ಧಾರವಾಡದಲ್ಲೇ ಈಗ ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಬಂದಿದೆ, ಅದಕ್ಕೆ ಅದರದೇ ಪ್ರವೇಶ ಪರೀಕ್ಷೆ.

ಮಕ್ಕಳು ಇಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಅಪರಾಧಶಾಸ್ತ್ರ ಸಮಾಜಶಾಸ್ತ್ರದ ಅಕ್ಕತಂಗಿ. ಜನ ಯಾಕೆ ತಪ್ಪು ಮಾಡುತ್ತಾರೆ, ಜೈಲು ಅವರನ್ನು ಬದಲಿಸುತ್ತದಾ, ಬಾಲಾಪರಾಧಿಗಳನ್ನು ಹೇಗೆ ನೋಡಬೇಕು, ಇದೆಲ್ಲ ಅದರ ವಿಷಯ. ವಿಧಿವಿಜ್ಞಾನ ಅಂದರೆ ಪ್ರಯೋಗಾಲಯ. ರಕ್ತ, ಬೆರಳಚ್ಚು, ವಿಷ, ಬರವಣಿಗೆ, ಮೊಬೈಲ್ ಡೇಟಾ. ಪಿಯುಸಿಯಲ್ಲಿ ಕೆಮಿಸ್ಟ್ರಿ ಅಂದರೆ ಓಡಿಹೋಗುತ್ತಿದ್ದ ಹುಡುಗ ಧಾರಾವಾಹಿ ನೋಡಿ ಫೊರೆನ್ಸಿಕ್ ಸೇರಿದರೆ ಮೊದಲ ಸೆಮಿಸ್ಟರಿನಲ್ಲೇ ಸುಸ್ತಾಗುತ್ತಾನೆ.

ಇದಕ್ಕೆ ಈಗ ಬೇಡಿಕೆ ಬಂದಿದೆ ಅನ್ನುವುದು ಮಾತ್ರ ನಿಜ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ಪರಿಣತರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಕರ್ನಾಟಕದಲ್ಲಿ ಅದಕ್ಕೆಂದೇ ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿಗಳಿದ್ದಾರೆ. ಮೈಸೂರು, ಮಂಗಳೂರಿನಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಆದರೆ ಇದು ಖಾಕಿಯ ಕೆಲಸವಲ್ಲ, ಖಾಕಿಯ ಪಕ್ಕದ ಕೆಲಸ. ಲ್ಯಾಬಿನ ಒಳ್ಳೆಯ ಹುದ್ದೆಗೆ ಎಂಎಸ್ಸಿವರೆಗೆ ಓದಬೇಕಾಗುತ್ತದೆ. ಐದು ವರ್ಷ, ಹೊರಗಿನ ಊರಿನ ರೂಮು ಊಟದ ಖರ್ಚು ಸೇರಿಸಿ ಲೆಕ್ಕ ಹಾಕಿ. ವಿಜ್ಞಾನ ಇಷ್ಟ, ಕೂತು ನೋಡುವ ತಾಳ್ಮೆ ಇದೆ, ಎತ್ತರ ಸಾಲದೆ ಗ್ರೌಂಡಿನಲ್ಲಿ ನಿಲ್ಲಲಾಗದು ಅನ್ನುವ ಮಗುವಿಗೆ ಇದಕ್ಕಿಂತ ಚೆನ್ನಾದ ಆಯ್ಕೆ ನನಗೆ ಗೊತ್ತಿಲ್ಲ. ಪಿಎಸ್‌ಐ ಆಗಲಷ್ಟೇ ಆದರೆ ಇಷ್ಟು ದೂರ ಹೋಗಬೇಕಾಗಿಲ್ಲ.

'ಪೊಲೀಸ್ ಕೋರ್ಸ್' ಅನ್ನುವ ಹೆಸರಿನವು

ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಗುಜರಾತಿನಲ್ಲಿ ಶುರುವಾಗಿ 2020ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರಮಟ್ಟದ ಸಂಸ್ಥೆಯಾದದ್ದು. ಪೊಲೀಸ್ ಆಡಳಿತ, ಆಂತರಿಕ ಭದ್ರತೆಯಂಥ ವಿಷಯಗಳನ್ನೇ ಹೇಳಿಕೊಡುತ್ತಾರೆ. ಕೇಂದ್ರದ ಮಾನ್ಯತೆ ಇದೆ, ಶಿಸ್ತಿನ ವಾತಾವರಣ ಇದೆ. ಆದರೆ ಅಲ್ಲಿ ಓದಿದ್ದಕ್ಕೆ ನಮ್ಮ ರಾಜ್ಯದ ನೇಮಕಾತಿಯಲ್ಲಿ ಬೇರೆ ಬಾಗಿಲು ತೆರೆಯುವುದಿಲ್ಲ. ಅಲ್ಲಿಂದ ಬಂದವರೂ ಗೋಣಿಕೊಪ್ಪದಲ್ಲಿ ಬಿಎ ಮಾಡಿದವರೂ ಒಂದೇ ಹಾಲಿನಲ್ಲಿ ಒಂದೇ ಓಎಂಆರ್ ತುಂಬಬೇಕು. ಸೇರುವ ಮುಂಚೆ ನೀವು ಆರಿಸಿದ್ದು ಪೂರ್ತಿ ಡಿಗ್ರಿಯೋ, ಡಿಪ್ಲೊಮಾವೋ ನೋಡಿಕೊಳ್ಳಿ. ಡಿಪ್ಲೊಮಾ ಇಟ್ಟುಕೊಂಡು ಪಿಎಸ್‌ಐಗೆ ಅರ್ಜಿ ಹಾಕಲಾಗದು.

ಇನ್ನು ಖಾಸಗಿಯವರು. ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಅಣ್ಣನ ಮಗ ಪಿಯುಸಿ ಆದ ಮೇಲೆ ದೊಡ್ಡ ಊರಿನ ಒಂದು ಅಕಾಡೆಮಿಗೆ ಸೇರಿದ. ಕಾಫಿ ಕೊಯ್ಲಿನ ದುಡ್ಡು ಬಂದ ಜನವರಿಯಲ್ಲೇ ಅಣ್ಣ ಪೂರ್ತಿ ಫೀಸು ಕಟ್ಟಿದ. ಖಾಕಿ ಬಣ್ಣದ ಯೂನಿಫಾರ್ಮು, ಬೂಟು, ಬೆಲ್ಟು ಎಲ್ಲ ಕೊಟ್ಟರು. ನೋಡಿದವರಿಗೆ ಹುಡುಗ ಆಗಲೇ ಪೊಲೀಸ್ ಆದಂತೆ. ಎರಡು ವರ್ಷದ ಮೇಲೆ ಒಂದು ಸರ್ಟಿಫಿಕೇಟು ಕೈಗೆ ಬಂತು. ಅದು ಡಿಗ್ರಿಯೂ ಅಲ್ಲ, ಯಾವ ವಿಶ್ವವಿದ್ಯಾಲಯದ್ದೂ ಅಲ್ಲ. "ಕೆಲಸ ಗ್ಯಾರಂಟಿ" ಅಂದಿದ್ದವರು ಆಮೇಲೆ ಫೋನ್ ಎತ್ತಲಿಲ್ಲ. ಹುಡುಗನಿಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು ಊರಿಗೆ ಮುಖ ತೋರಿಸುವುದಕ್ಕೆ. ಅವನು ಮತ್ತೆ ಬಿಎಗೆ ಸೇರುವಾಗ ಜೊತೆಯವರು ಕೊನೆಯ ವರ್ಷದಲ್ಲಿದ್ದರು.

ಹಾಗಾಗಿ ನಾಲ್ಕು ಪ್ರಶ್ನೆ ಕೇಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೊನೆಗೆ ಸಿಗುವ ಸರ್ಟಿಫಿಕೇಟು ಯಾರದ್ದು? ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ? ಫೀಸಿಗೆ ರಶೀದಿ ಕೊಡುತ್ತೀರಾ? ನಡುವೆ ಬಿಟ್ಟರೆ ಎಷ್ಟು ವಾಪಸ್? ಉತ್ತರ ಕಾಗದದ ಮೇಲೆ ಬರಬೇಕು. ಪರೀಕ್ಷೆಗೆ ಮುಂಚಿನ ಮೂರು ನಾಲ್ಕು ತಿಂಗಳ ಕೋಚಿಂಗ್ ಬೇರೆ, ಅದರಿಂದ ಉಪಯೋಗವಾದವರಿದ್ದಾರೆ. ಡಿಗ್ರಿಯ ಜಾಗಕ್ಕೆ ಕೋಚಿಂಗ್ ತರಬೇಡಿ, ಅಷ್ಟೇ.

"ಸ್ವಲ್ಪ ಖರ್ಚು ಮಾಡಿದರೆ ಆಗುತ್ತೆ" ಅಂತ ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ಹೊರಬಂದು 2022ರಲ್ಲಿ ಇಡೀ ಪರೀಕ್ಷೆಯನ್ನೇ ರದ್ದು ಮಾಡಿದರು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ದುಡ್ಡು ಕೊಟ್ಟವರು ಜೈಲು ಕಂಡರು. ರಾತ್ರಿ ಕೂತು ಓದಿ ಪಾಸಾಗಿದ್ದ ಮಕ್ಕಳೂ ಎರಡು ವರ್ಷಕ್ಕಿಂತ ಜಾಸ್ತಿ ಕಾದು ಮತ್ತೆ ಬರೆಯಬೇಕಾಯಿತು.

ಪೊನ್ನಂಪೇಟೆಯ ಅರಣ್ಯ ಕಾಲೇಜು

ಯೂನಿಫಾರ್ಮ್ ಅಂದರೆ ಪೊಲೀಸ್ ಮಾತ್ರ ಅಂತ ಯಾಕೆ ಅಂದುಕೊಳ್ಳುತ್ತೇವೋ. ರಾತ್ರಿ ಹನ್ನೊಂದಕ್ಕೆ "ತೋಟಕ್ಕೆ ಆನೆ ಬಂತು" ಅಂತ ಫೋನ್ ಹೋದರೆ ಟಾರ್ಚ್ ಹಿಡಿದು ಬರುವವರು ಅರಣ್ಯ ಇಲಾಖೆಯವರು. ಮರಗಳ್ಳರನ್ನು, ಬೇಟೆಗಾರರನ್ನು ಹಿಡಿದು ಕೇಸು ಹಾಕುವವರೂ ಅವರೇ. 1972ರ ವನ್ಯಜೀವಿ ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ ಅವರಿಗೆ ಶೋಧಿಸುವ, ಬಂಧಿಸುವ ಅಧಿಕಾರ ಕೊಟ್ಟಿವೆ. ಇದು ಕಾನೂನು ಕಾಯುವ ಕೆಲಸವಲ್ಲದೆ ಇನ್ನೇನು?

ಇದಕ್ಕೆ ಬೇಕಾದ ಓದು ನಮ್ಮ ಮನೆ ಬಾಗಿಲಲ್ಲೇ ಇದೆ. ರಾಜ್ಯದಲ್ಲಿ ಬಿಎಸ್ಸಿ ಅರಣ್ಯಶಾಸ್ತ್ರಕ್ಕೆ ಇರುವ ಸರ್ಕಾರಿ ಕಾಲೇಜುಗಳು ಶಿರಸಿ ಮತ್ತು ಪೊನ್ನಂಪೇಟೆಯವು. ನಾಲ್ಕು ವರ್ಷದ ಕೋರ್ಸು. ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ. ತೋಟ ಗದ್ದೆ ಇರುವ ಎಷ್ಟು ಮನೆಯವರು ಆ ಕಾಲಂ ತುಂಬದೆ ಬಿಡುತ್ತಾರೋ! ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಅರಣ್ಯಶಾಸ್ತ್ರ ಓದಿದವರಿಗೆ ಒಂದು ಪಾಲು ಮೀಸಲಿದೆ. ಈ ಲೇಖನದಲ್ಲಿ ಹೇಳಿದ ಎಲ್ಲ ಡಿಗ್ರಿಗಳಲ್ಲಿ, ಓದಿದ್ದಕ್ಕೇ ಯೂನಿಫಾರ್ಮ್ ಕೆಲಸದಲ್ಲಿ ಜಾಗ ಇಟ್ಟಿರುವುದು ಇದೊಂದೇ. ಆಯ್ಕೆ ಆಗದಿದ್ದರೂ ಬ್ಯಾಂಕಿನ ಕೃಷಿ ವಿಭಾಗ, ಸಂಶೋಧನೆ, ಪ್ಲಾಂಟೇಶನ್ ಕಂಪನಿ ಅಂತ ಬೇರೆ ಕಡೆಗೂ ಹೋಗಬಹುದು. ಜೊತೆಗೆ ಪಿಎಸ್‌ಐ ಪರೀಕ್ಷೆಯ ಬಾಗಿಲೂ ಮುಚ್ಚುವುದಿಲ್ಲ.

ಸೀಟು ಸಿಗುವುದು ಸುಲಭವಲ್ಲ. ಸಿಗದಿದ್ದರೆ ಗಸ್ತು ಅರಣ್ಯ ಪಾಲಕರ ಹುದ್ದೆ ಇದೆ. ಅದಕ್ಕೆ ಪಿಯುಸಿ ಸಾಕು. ಹಿಂದಿನ ನೇಮಕಾತಿಗಳಲ್ಲಿ ಪಿಯುಸಿ ಅಂಕದ ಮೇಲೆ ಪಟ್ಟಿ ಮಾಡಿ ಆಮೇಲೆ ಓಡಿಸಿದ್ದಾರೆ. "ಪೊಲೀಸ್ ಆಗೋನಿಗೆ ಮಾರ್ಕ್ಸ್ ಯಾಕೆ" ಅನ್ನುವ ಹುಡುಗರಿಗೆ ನಾನು ಹೇಳುವ ಉತ್ತರ ಇದು.

ಕಾನೂನು ಓದು

ಐದು ವರ್ಷದ ಎಲ್‌ಎಲ್‌ಬಿ ಅಥವಾ ಡಿಗ್ರಿ ಆದ ಮೇಲೆ ಮೂರು ವರ್ಷದ್ದು, ಮೈಸೂರು ಮಂಗಳೂರಿನಲ್ಲಿ ಒಳ್ಳೆಯ ಕಾಲೇಜುಗಳಿವೆ. ಪೊಲೀಸ್ ಆಗಲು ಇದು ಸುತ್ತು ದಾರಿ. ವಯಸ್ಸಿನ ಮಿತಿ ಇರುವ ಪರೀಕ್ಷೆಗೆ ಐದು ವರ್ಷ ಜಾಸ್ತಿಯೇ. ವಾದ ಮಾಡುವ ಬಾಯಿ ಇದ್ದು, ಮುಂದೆ ಸರ್ಕಾರಿ ಅಭಿಯೋಜಕರಾಗುವ ಮನಸ್ಸಿದ್ದರೆ ಮಾತ್ರ ಹೋಗಿ.

ಕಾಲೇಜೇ ಬೇಡ, ಈಗಲೇ ಕೆಲಸ ಬೇಕು ಅನ್ನುವವರಿಗೆ

ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಬೆಳೆದು, ಅಮ್ಮನ ಕೂಲಿಯಲ್ಲಿ ಓದಿದ ಮಕ್ಕಳಿಗೆ ಮೂರು ವರ್ಷ ಕಾಯುವುದು ಸಣ್ಣ ಮಾತಲ್ಲ. ಅವರಿಗೆ ನಾನು ಡಿಗ್ರಿ ಡಿಗ್ರಿ ಅಂತ ಒತ್ತಾಯ ಮಾಡುವುದಿಲ್ಲ. ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ, ರಾಜ್ಯ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಗೆ ಎಸ್ಸೆಸ್ಸೆಲ್ಸಿ ಸಾಕು. ಸಿವಿಲ್‌ಗೆ ಜಿಲ್ಲೆವಾರು ಹುದ್ದೆ ಕರೆಯುತ್ತಾರೆ, ಒಂದೇ ಘಟಕಕ್ಕೆ ಅರ್ಜಿ ಹಾಕಬೇಕು. ಕೊಡಗು ಸಣ್ಣ ಜಿಲ್ಲೆ, ಹುದ್ದೆಯೂ ಕಡಿಮೆ. ಬೆಂಗಳೂರಿನಲ್ಲಿ ಹುದ್ದೆ ಜಾಸ್ತಿ, ಆದರೆ ಆ ಖರ್ಚು, ಆ ಟ್ರಾಫಿಕ್ಕಿನ ನಡುವೆ ವರ್ಷಗಟ್ಟಲೆ ಇರಬೇಕಾಗುತ್ತದೆ. ಮನೆಯವರು ಕೂತು ಮಾತಾಡಿ ಆರಿಸಿ.

ಒಳಗೆ ಹೋದ ಮೇಲೆ ಓದು ನಿಲ್ಲಬೇಕಾಗಿಲ್ಲ. ಇಲಾಖೆಯ ಅನುಮತಿ ಪಡೆದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಬಹುದು. ಪಿಎಸ್‌ಐ ನೇಮಕಾತಿಯಲ್ಲಿ ಸೇವೆಯಲ್ಲಿರುವವರಿಗೆ ಪ್ರತ್ಯೇಕ ಹುದ್ದೆಗಳಿರುತ್ತವೆ. ಸಂಬಳ ಎಣಿಸಿಕೊಳ್ಳುತ್ತ, ಠಾಣೆಯ ಕೆಲಸ ಕಲಿಯುತ್ತ ಮೇಲೆ ಬರುವ ದಾರಿ ಇದು. ನನ್ನ ಕಣ್ಣಿಗೆ ಬಡ ಮನೆಯ ಮಕ್ಕಳಿಗೆ ಎಲ್ಲಕ್ಕಿಂತ ಗಟ್ಟಿ ದಾರಿ.

ಕೇಂದ್ರ ಪಡೆಗಳ ಜಿಡಿ ಕಾನ್‌ಸ್ಟೆಬಲ್‌ಗೆ ಹತ್ತನೇ ತರಗತಿ ಸಾಕು, ವಯಸ್ಸು 18ರಿಂದ 23. 2024ರಿಂದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಓಟ ಮಾತ್ರ ಉದ್ದ: ಗಂಡಸರಿಗೆ 24 ನಿಮಿಷದಲ್ಲಿ 5 ಕಿ.ಮೀ., ಹೆಂಗಸರಿಗೆ ಎಂಟೂವರೆ ನಿಮಿಷದಲ್ಲಿ 1.6 ಕಿ.ಮೀ. ಗಂಡಸರ ಎತ್ತರವೂ 170 ಸೆಂ.ಮೀ. ಬೇಕು. ಎನ್‌ಡಿಆರ್‌ಎಫ್ ಸೇರಬೇಕು ಅನ್ನುವ ಮಕ್ಕಳಿಗೆ ಒಂದು ಮಾತು. ಅದಕ್ಕೆ ನೇರ ಭರ್ತಿ ಇಲ್ಲ. ಸಿಆರ್‌ಪಿಎಫ್, ಬಿಎಸ್‌ಎಫ್, ಐಟಿಬಿಪಿಯಂಥ ಪಡೆಗಳಿಂದ ಅಲ್ಲಿಗೆ ಕಳಿಸುತ್ತಾರೆ. ಆ ಹಗ್ಗದ ತುದಿ ಹಿಡಿಯಬೇಕಾದರೆ ಮೊದಲು ಈ ಪಡೆಗಳಿಗೆ ಸೇರಬೇಕು.

ಸೈನ್ಯದ ಅಗ್ನಿವೀರ್ ಬಗ್ಗೆಯೂ ಕೇಳುತ್ತಾರೆ, ಕಾರ್ಯಪ್ಪ, ತಿಮ್ಮಯ್ಯನವರ ಊರಲ್ಲವೇ. ನಾಲ್ಕು ವರ್ಷ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರನ್ನು. ಹೊರಬಂದವರಿಗೆ ಕೇಂದ್ರ ಪಡೆಗಳಲ್ಲಿ ಶೇ. 10 ಮೀಸಲು ಅಂತ 2022ರಲ್ಲೇ ಹೇಳಿದ್ದಾರೆ. ಹೋಗುವುದಾದರೆ ಇದನ್ನೆಲ್ಲ ತಿಳಿದೇ ಹೋಗಿ.

ಯಾವ ದಾರಿಯಾದರೂ ಇದು ಬೇಕು

ಆಯ್ಕೆಯಾದ ಮೇಲೆ ನಿಮ್ಮ ನಡತೆಯನ್ನು ಪೊಲೀಸರೇ ಪರಿಶೀಲಿಸುತ್ತಾರೆ. ಹಬ್ಬದಲ್ಲಿ ಕುಡಿದು ಮಾಡಿದ ಒಂದು ಜಗಳ, ಮೊಬೈಲಿನಲ್ಲಿ ಹಾಕಿದ ಒಂದು ಬೆದರಿಕೆ ಎಫ್‌ಐಆರ್ ಆಗಿದ್ದರೆ ವರ್ಷಗಳ ಓದಿಗೆ ಅಡ್ಡ ಬರುತ್ತದೆ. ನಮ್ಮಲ್ಲಿ ಮನೆಮನೆಯಲ್ಲಿ ಕೋವಿ ಇದೆ. ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೆ, ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಕೈಗೆ ನೇಮಕಾತಿಯಲ್ಲಿ ಅಂಕವಿಲ್ಲ. ಅದೇ ಕೋವಿ ಹಿಡಿದು ರೀಲ್ಸ್ ಮಾಡಿದರೆ ಮಾತ್ರ ತೊಂದರೆ ಖಂಡಿತ. ಹಾಕಿಯಲ್ಲಿ ರಾಜ್ಯಮಟ್ಟದಲ್ಲಿ ಆಡಿದ ಮಕ್ಕಳು ಆ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಇಡಿ, ಕ್ರೀಡಾ ಕೋಟಾಕ್ಕೆ ಬೇಕಾಗುತ್ತದೆ. ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟಿನ ಕಪ್ಪು ಮನೆಯ ಶೋಕೇಸಿಗೆ ಚಂದ, ಅರ್ಜಿಗೆ ಆಗುವುದಿಲ್ಲ.

ಕುಟ್ಟದ ಆ ತಾಯಿಗೆ ನಾನು ಮೊದಲು ಕೇಳಿದ್ದು ಮಗಳ ಎತ್ತರ. "158 ಇದ್ದಾಳೆ ಮೇಡಂ, ಆಸ್ಪತ್ರೆಯಲ್ಲೇ ನೋಡಿಸಿದೆ." ಕಲಾ ವಿಭಾಗ, ಶೇ. 71. ಮೈಸೂರಿನ ಕ್ರಿಮಿನಾಲಜಿ ಸೀಟಿಗೂ ಅರ್ಜಿ ತಂದಿದ್ದರು, ರೂಮಿನ ಬಾಡಿಗೆ ಕೇಳಿ ಹಿಂದೆ ಸರಿದಿದ್ದರು. ಗೋಣಿಕೊಪ್ಪದಲ್ಲೇ ಬಿಎಗೆ ಸೇರಿಸಿ, ವಯಸ್ಸು ತುಂಬಿದ ಕೂಡಲೇ ಕಾನ್‌ಸ್ಟೆಬಲ್ ಪರೀಕ್ಷೆಯನ್ನೂ ಬರೆಸಿ, ಡಿಗ್ರಿ ಮುಗಿಯಲಿ ಅಂತ ಕಾಯಬೇಡಿ ಎಂದೆ. ಮಳೆ ಹಿಡಿಯಲು ಇನ್ನೂ ಎರಡು ವಾರ ಇದೆ. ಭಾನುವಾರ ಮೊದಲ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಗ್ರೌಂಡಿಗೆ ಬನ್ನಿ, ಒಂದು ಸಲ 400 ಮೀಟರ್ ಓಡಿಸಿ ನೋಡೋಣ, ಸ್ಟಾಪ್‌ವಾಚ್ ನಾನು ತರುತ್ತೇನೆ ಎಂದು ಫೋನ್ ಇಟ್ಟೆ.